ಮುಖ ನಕಲಿ, ಎದೆಬಡಿತ ಅಸಲಿ

ಕಳೆದ ದಸರಾ ರಜೆಯಲ್ಲಿ ತಾತನಿಗೆ ಒಂದು ವಾಚು ಕೊಡಿಸಿದೆ. ಎಚ್‌ಎಂಟಿ ಪೈಲಟ್. ಕಪ್ಪು ಡಯಲ್, ಬಿಳಿ ಅಂಕಿಗಳು, ದಿನಾ ಬೆಳಿಗ್ಗೆ ಕೀ ಕೊಡಬೇಕಾದ ವಾಚು. ತಾತನ ಹತ್ತಿರ ಹಿಂದೆ ಇಂಥದ್ದೇ ಒಂದಿತ್ತು. ನಾನು ಹುಟ್ಟುವುದಕ್ಕೂ ಮೊದಲು ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತುವ ನೂಕುನುಗ್ಗಲಿನಲ್ಲಿ ಕಳೆದುಹೋಯಿತು. ಆ ಕಥೆಯನ್ನು ನಾನು ಕಡಿಮೆಯೆಂದರೂ ಐವತ್ತು ಸಲ ಕೇಳಿದ್ದೇನೆ. ಹಾಗಾಗಿ ಆನ್‌ಲೈನ್‌ನಲ್ಲಿ ‘ಹಳೇ ಸ್ಟಾಕ್, ಬಳಸದೇ ಇಟ್ಟಿದ್ದು, ನೂರಕ್ಕೆ ನೂರು ಒರಿಜಿನಲ್’ ಎಂದು ಬರೆದಿದ್ದ ಪೈಲಟ್ ಕಂಡ ಕೂಡಲೇ ಎರಡನೇ ಯೋಚನೆ ಮಾಡಲಿಲ್ಲ. ಬೆಲೆ 2,400 ರೂಪಾಯಿ. ಪಕ್ಕದ ಬೀದಿಯ ಇಬ್ಬರು ಪಿಯುಸಿ ಹುಡುಗರಿಗೆ ಗಣಿತ ಹೇಳಿಕೊಟ್ಟು ಕೂಡಿಟ್ಟ ದುಡ್ಡು.

ಹದಿನೈದು ದಿನಕ್ಕೆ ವಾಚು ನಿಂತಿತು.

ಅತ್ತಿಗುಪ್ಪೆ ಮೆಟ್ರೊ ನಿಲ್ದಾಣದಿಂದ ವಿಜಯನಗರದ ಕಡೆ ನಡೆದರೆ ಸಿಗುವ ಒಂದು ವಾಚ್ ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿ ಎಂದರೆ ಒಂದು ಗಾಜಿನ ಪೆಟ್ಟಿಗೆ, ಒಂದು ಸ್ಟೂಲು, ಅಷ್ಟೆ. ಅಲ್ಲಿ ಕೂರುವ ಹಿರಿಯರು ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಹಿಂದಿನ ಮುಚ್ಚಳ ತೆಗೆದರು. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

‘ಎಷ್ಟು ಕೊಟ್ಟೆಯಪ್ಪ ಇದಕ್ಕೆ?’

‘ಎರಡು ಸಾವಿರದ ನಾನೂರು ಅಂಕಲ್.’

‘ಮಷೀನು ಎಚ್‌ಎಂಟಿದೇ. ಮುಖ ಮಾತ್ರ ಎಚ್‌ಎಂಟಿದಲ್ಲ.’

ಆಮೇಲೆ ಆ ಭೂತಗನ್ನಡಿಯನ್ನು ನನ್ನ ಕೈಗೇ ಕೊಟ್ಟರು. ಬರಿಗಣ್ಣಿಗೆ ಚೊಕ್ಕಟವಾಗಿದ್ದ ಅಕ್ಷರಗಳ ಅಂಚು, ಒದ್ದೆ ಕಾಗದದ ಮೇಲೆ ಶಾಯಿ ಹರಡಿದ ಹಾಗೆ ಕಂಡಿತು. 12ರಿಂದ 6ಕ್ಕೆ ಮನಸ್ಸಿನಲ್ಲೇ ಒಂದು ಗೆರೆ ಎಳೆದರೆ ‘ಪೈಲಟ್’ ಎಂಬ ಹೆಸರು ಕೂದಲೆಳೆಯಷ್ಟು ಎಡಕ್ಕೆ ಕೂತಿತ್ತು. ಡಯಲ್‌ನ ಬೆನ್ನಿಗೆ ಎರಡು ಸಣ್ಣ ಕಾಲುಗಳಿರುತ್ತವೆ, ಅವು ಮಷೀನಿನ ರಂಧ್ರಗಳಲ್ಲಿ ಇಳಿದು ಡಯಲ್ ಅಲುಗಾಡದಂತೆ ಹಿಡಿಯುತ್ತವೆ. ನನ್ನ ವಾಚಿನ ಡಯಲ್‌ಗೆ ಕಾಲೇ ಇರಲಿಲ್ಲ. ಗಮ್ ಹಾಕಿ ಅಂಟಿಸಿದ್ದರು. ಆ ಗಮ್ಮಿನ ಚೂರೊಂದು ಉದುರಿ ಚಕ್ರಗಳ ನಡುವೆ ಸೇರಿದ್ದರಿಂದಲೇ ವಾಚು ನಿಂತದ್ದು. ಅಂದರೆ ಯಾವುದೋ ಹಳೇ ಎಚ್‌ಎಂಟಿಯ ಮಷೀನು, ಹೊಸದಾಗಿ ಪಾಲಿಶ್ ಮಾಡಿದ ಇನ್ಯಾವುದೋ ಕೇಸು, ಮತ್ತೆ ಬಣ್ಣ ಬಳಿದು ಅಚ್ಚು ಹಾಕಿದ ಡಯಲ್. ಇಂಥವನ್ನು ವಾಚು ಸಂಗ್ರಹಿಸುವವರು ‘ಮುಂಬೈ ಸ್ಪೆಷಲ್’ ಎಂದು ಕರೆಯುತ್ತಾರೆ ಎನ್ನುವುದು ನನಗೆ ಆಮೇಲೆ ಗೊತ್ತಾಯಿತು.

ನಕಲಿ ವಾಚು ಎಂದರೆ ರೋಲೆಕ್ಸ್, ಒಮೆಗಾ, ಅರ್ಮಾನಿ, ಅದು ದುಡ್ಡಿದ್ದವರ ತಲೆನೋವು ಎಂದುಕೊಂಡಿದ್ದೆ. ಜಾಲಹಳ್ಳಿಯಲ್ಲಿ ತಯಾರಾದ ವಾಚಿಗೂ ನಕಲು ಇರುತ್ತದೆ ಎಂದು ಯೋಚಿಸಿಯೇ ಇರಲಿಲ್ಲ. ಯೋಚಿಸಬೇಕಿತ್ತು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಚ್‌ಎಂಟಿ ವಾಚ್ ಕಾರ್ಖಾನೆ ಒಂದು ಕಾಲಕ್ಕೆ ಇಡೀ ದೇಶದ ಮಣಿಕಟ್ಟನ್ನು ಆಳಿತ್ತು. ‘ದೇಶ್ ಕೀ ಧಡ್ಕನ್’, ದೇಶದ ಎದೆಬಡಿತ, ಎಂಬುದು ಅವರ ಜಾಹೀರಾತಿನ ಮಾತು. 1978ರಲ್ಲಿ ತುಮಕೂರಿನಲ್ಲೂ ಕಾರ್ಖಾನೆ ಬಂತು. ಕ್ವಾರ್ಟ್ಜ್ ವಾಚುಗಳ ಕಾಲ ಬಂದಾಗ ಎಚ್‌ಎಂಟಿ ತಡಮಾಡಿತು, 1984ರಲ್ಲಿ ಹುಟ್ಟಿ ಪಕ್ಕದ ಹೊಸೂರಿನಲ್ಲಿ ಕಾರ್ಖಾನೆ ಹಾಕಿದ ಟೈಟಾನ್ ಮುಂದೆ ಹೋಯಿತು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಮುಚ್ಚುವ ಸುದ್ದಿ ಬಂದದ್ದೇ ತಡ, ಮನೆಯ ಕಪಾಟಿನಲ್ಲಿ ಬಿದ್ದಿದ್ದ ಜನತಾ, ಪೈಲಟ್, ಸೋನಾಗಳಿಗೆಲ್ಲ ಬೆಲೆ ಬಂತು. ಹೊಸದು ಬರುವುದಿಲ್ಲ, ಕೇಳುವವರು ಹೆಚ್ಚುತ್ತಿದ್ದಾರೆ ಎಂದಾಗ ಹಳೆಯದಕ್ಕೆ ಹೊಸ ಮುಖ ಹಚ್ಚುವವರು ಹುಟ್ಟಿಕೊಳ್ಳದೆ ಇರುತ್ತಾರೆಯೇ?

ಅದೇ 2016ರಲ್ಲಿ ಕರ್ನಾಟಕದಲ್ಲಿ ಇನ್ನೊಂದು ವಾಚಿನ ಸುದ್ದಿಯಾಯಿತು. ಆಗ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರ ಕೈಯಲ್ಲಿದ್ದ ವಜ್ರಖಚಿತ ಹ್ಯೂಬ್ಲೊ ವಾಚು. ಅದು ಸ್ನೇಹಿತರ ಉಡುಗೊರೆ ಎಂದು ಅವರು ಹೇಳಿದರು, ಬೆಲೆ ಎಷ್ಟು ಎಂದು ವಿರೋಧ ಪಕ್ಷಗಳು ಲೆಕ್ಕ ಹಾಕಿದವು, ಕೊನೆಗೆ ಮಾರ್ಚ್‌ನಲ್ಲಿ ಅದನ್ನು ವಿಧಾನಸಭಾಧ್ಯಕ್ಷರಿಗೆ ಒಪ್ಪಿಸಿ ಸರ್ಕಾರದ ಆಸ್ತಿ ಮಾಡಲಾಯಿತು. ಆಗ ನಾನು ಐದನೇ ಕ್ಲಾಸು. ಒಂದು ವಾಚಿಗೆ ಒಂದು ಸೈಟಿನಷ್ಟು ಬೆಲೆ ಇರಬಹುದು ಎಂದು ನಮ್ಮ ಕ್ಲಾಸಿನವರೆಲ್ಲ ಕಲಿತದ್ದು ಆಗಲೇ. ನಮ್ಮದೇ ಊರಿನ ವಾಚಿನ ಕಂಪನಿ ಮುಚ್ಚಿದ ಸುದ್ದಿ ಮಾತ್ರ ಯಾರ ಬಾಯಲ್ಲೂ ಬಂದ ನೆನಪಿಲ್ಲ.

ಈಗ ಆ ಕ್ಲಾಸಿನವರೇ ಪ್ಲೇಸ್‌ಮೆಂಟ್‌ಗೆ ತಯಾರಾಗುತ್ತಿದ್ದಾರೆ. ನನ್ನ ಗೆಳೆಯನೊಬ್ಬ ಮೊನ್ನೆ ಕೈಚಾಚಿ ತೋರಿಸಿದ. ‘ಫಸ್ಟ್ ಕಾಪಿ ಮಗಾ, ಮೂರೂವರೆ ಸಾವಿರ. ಇಂಟರ್ವ್ಯೂಗೆ.’ ಈ ‘ಫಸ್ಟ್ ಕಾಪಿ’ ಎಂಬ ಮಾತು ನನಗೆ ಬಹಳ ವಿಚಿತ್ರ ಅನ್ನಿಸುತ್ತದೆ. ನಕಲಿಯಲ್ಲೂ ಒಂದನೇ ರ‍್ಯಾಂಕು! ‘ಮಾಸ್ಟರ್ ಕ್ವಾಲಿಟಿ’, ‘ಸೆವೆನ್ ಎ’ ಎಂದು ಇನ್ನಷ್ಟು ದರ್ಜೆಗಳಿವೆ. ಇವಕ್ಕೆ ಯಾವ ಮಾನದಂಡವೂ ಇಲ್ಲ, ಪರೀಕ್ಷೆ ಮಾಡುವ ಸಂಸ್ಥೆಯೂ ಇಲ್ಲ. ಮಾರುವವನು ಎಷ್ಟು ದುಡ್ಡು ಕೇಳಬೇಕೆಂದಿದ್ದಾನೋ ಅದಕ್ಕೆ ತಕ್ಕ ಅಕ್ಷರ.

ಮೋಸ ಹೋದ ಮೇಲೆ ನಾನು ಮಾಡಿದ ಮೊದಲ ಕೆಲಸ, ಅಸಲಿ-ನಕಲಿ ಪತ್ತೆ ಮಾಡುವ ಉಪಾಯಗಳನ್ನೆಲ್ಲ ಗುಡ್ಡೆ ಹಾಕಿಕೊಂಡು ಒಂದೊಂದಾಗಿ ಪರೀಕ್ಷಿಸಿದ್ದು. ಎಂಜಿನಿಯರಿಂಗ್ ಓದಿನ ಚಟ. ಬಹುತೇಕ ಉಪಾಯಗಳು ಅರ್ಧ ಸತ್ಯ ಎಂದು ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ.

ಎಲ್ಲರೂ ಹೇಳುವುದು ಸೆಕೆಂಡಿನ ಮುಳ್ಳಿನ ಪರೀಕ್ಷೆ. ಟಿಕ್ ಟಿಕ್ ಎಂದು ಹಾರಿದರೆ ನಕಲಿ, ಜಾರಿದಂತೆ ಸಾಗಿದರೆ ಅಸಲಿ ಎನ್ನುತ್ತಾರೆ. ಇದರ ಹಿಂದಿನ ವಿಷಯ ಹೀಗಿದೆ. ಬ್ಯಾಟರಿಯ ಕ್ವಾರ್ಟ್ಜ್ ವಾಚಿನೊಳಗಿನ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಅದು 2ರ 15ನೇ ಘಾತ. ಹದಿನೈದು ಸಲ ಎರಡರಿಂದ ಭಾಗಿಸಿದರೆ ಸರಿಯಾಗಿ ಸೆಕೆಂಡಿಗೊಂದು ಮಿಡಿತ ಸಿಗುತ್ತದೆ, ಮುಳ್ಳು ಸೆಕೆಂಡಿಗೊಮ್ಮೆ ಹಾರುತ್ತದೆ. ಈಗಿನ ಅನೇಕ ಆಟೊಮ್ಯಾಟಿಕ್ ವಾಚುಗಳು ಗಂಟೆಗೆ 28,800 ಸಲ, ಅಂದರೆ ಸೆಕೆಂಡಿಗೆ ಎಂಟು ಸಲ ಮಿಡಿಯುತ್ತವೆ, ಅದಕ್ಕೇ ಮುಳ್ಳು ಜಾರಿದಂತೆ ಕಾಣುತ್ತದೆ. ತಾತನ ಪೈಲಟ್‌ನದು ಗಂಟೆಗೆ 18,000, ಸೆಕೆಂಡಿಗೆ ಐದು. ಮೊಬೈಲ್‌ನ ಸ್ಲೋಮೋಷನ್‌ನಲ್ಲಿ ವಿಡಿಯೊ ಮಾಡಿದರೆ ನೀವೇ ಎಣಿಸಬಹುದು, ನಾನು ಎಣಿಸಿದೆ. ಆದರೆ ಕ್ವಾರ್ಟ್ಜ್ ಮಷೀನಿನ ಅಸಲಿ ಟಿಸೊ, ಅಸಲಿ ಅರ್ಮಾನಿಗಳೂ ಟಿಕ್ ಟಿಕ್ ಎಂದೇ ಹಾರುತ್ತವೆ. ಸೆಕೆಂಡಿಗೆ ಎಂಟು ಸಲ ಮಿಡಿಯುವ ನಕಲಿಗಳೂ ಬಂದಿವೆ. ಹಾಗಾಗಿ ಆ ಮಾಡೆಲ್‌ನ ಒಳಗೆ ಯಾವ ಮಷೀನು ಇರಬೇಕು ಎಂದು ಮೊದಲು ಕಂಪನಿಯ ಜಾಲತಾಣದಲ್ಲಿ ನೋಡಿಕೊಂಡಿದ್ದರೆ ಮಾತ್ರ ಈ ಪರೀಕ್ಷೆಗೆ ಅರ್ಥ. ಆಟೊಮ್ಯಾಟಿಕ್ ಆಗಿ ಮಾತ್ರ ಬರುವ ಮಾಡೆಲ್ ನಿಮ್ಮ ಕೈಯಲ್ಲಿ ಟಿಕ್ ಟಿಕ್ ಎನ್ನುತ್ತಿದ್ದರೆ ಮುಂದಿನ ಮಾತೇ ಬೇಡ.

ಗಾಜಿನ ಮೇಲೆ ನೀರಿನ ಹನಿ ಬಿಡುವ ಪರೀಕ್ಷೆಯೂ ಹಾಗೆಯೇ. ದುಬಾರಿ ವಾಚುಗಳಿಗೆ ಸಫೈರ್ ಗಾಜು ಇರುತ್ತದೆ. ಮೋಸ್ ಮಾಪಕದಲ್ಲಿ ಅದರ ಗಡಸುತನ 9, ವಜ್ರದ್ದು 10. ಅದರ ಮೇಲೆ ಹನಿ ಹರಡದೆ ಗುಂಡಗೆ ನಿಲ್ಲುತ್ತದೆ. ಸರಿ, ಆದರೆ ಸಾಮಾನ್ಯ ಗಾಜಿಗೆ ನೀರು ಅಂಟದ ಲೇಪ ಹಚ್ಚಿದರೂ ನಿಲ್ಲುತ್ತದೆ. ಮೇಲಾಗಿ ಸಫೈರ್ ಇಲ್ಲದಿದ್ದರೆ ನಕಲಿ ಎನ್ನುವ ಹಾಗೂ ಇಲ್ಲ. ಚಂದ್ರನ ಮೇಲೆ ಹೋದ ಒಮೆಗಾ ಸ್ಪೀಡ್‌ಮಾಸ್ಟರ್‌ಗೆ ಇದ್ದದ್ದು ಅಕ್ರಿಲಿಕ್ ಮುಚ್ಚಳ. ತೂಕದ ಮಾತೂ ಅಷ್ಟೆ: ಅಸಲಿ ಭಾರ, ನಕಲಿ ಹಗುರ ಎನ್ನುವವರು ಟೈಟಾನಿಯಂ ವಾಚನ್ನು ಕೈಯಲ್ಲಿ ಹಿಡಿದು ನೋಡಿಲ್ಲ.

ನನಗೆ ಹೆಚ್ಚು ಪಾಠ ಕಲಿಸಿದ್ದು ನಮ್ಮ ಹಾಸ್ಟೆಲ್ ಹುಡುಗರ ಮೆಚ್ಚಿನ ಕ್ಯಾಸಿಯೊ ಎಫ್-91ಡಬ್ಲ್ಯು. 1989ರ ವಿನ್ಯಾಸ, ಪ್ಲಾಸ್ಟಿಕ್ ಬಾಡಿ, ದುಬಾರಿಯಲ್ಲ, ಆದರೂ ಅದಕ್ಕೆ ಬೇಕಾದಷ್ಟು ನಕಲಿಗಳಿವೆ. ಅದರ ಬಲಗಡೆಯ ಗುಂಡಿಯನ್ನು ಮೂರು ಸೆಕೆಂಡು ಒತ್ತಿ ಹಿಡಿದರೆ ಪರದೆಯ ಮೇಲೆ ಕಂಪನಿಯ ಹೆಸರು ಮೂಡುತ್ತದೆ. ಬಹಳ ಕಾಲ ಇದು ಅಸಲಿಯ ಗುಟ್ಟಾಗಿತ್ತು. ಗುಟ್ಟು ಎಲ್ಲರಿಗೂ ಗೊತ್ತಾಯಿತು, ನಕಲಿ ಮಾಡುವವರಿಗೂ ಗೊತ್ತಾಯಿತು. ಈಗ ಕೆಲವು ನಕಲಿಗಳೂ ಗುಂಡಿ ಒತ್ತಿದರೆ ಅದೇ ಹೆಸರು ತೋರಿಸುತ್ತವೆ. ನಾವು ‘ಇದನ್ನು ನೋಡಿ ಪತ್ತೆ ಮಾಡಿ’ ಎಂದು ಹಂಚಿಕೊಳ್ಳುವ ಪ್ರತಿ ಪಟ್ಟಿಯೂ ನಕಲಿ ತಯಾರಕನಿಗೆ ಪುಕ್ಕಟೆ ಸಿಗುವ ತಪ್ಪು-ತಿದ್ದುಪಡಿ. ಈ ಲೇಖನವೂ ಆ ಪಟ್ಟಿಗೆ ಸೇರಿತು ಎನ್ನಿ.

ಹಾಗಂತ ಕಣ್ಣು ಮುಚ್ಚಿಕೊಂಡು ಕೊಳ್ಳಬೇಕಿಲ್ಲ. ಅಗ್ಗದ ನಕಲಿಗಳು ಅಗ್ಗದ ತಪ್ಪುಗಳನ್ನೇ ಮಾಡುತ್ತವೆ. ಡಯಲ್ ಮೇಲೆ ಮೂರು ಪುಟ್ಟ ವೃತ್ತಗಳಿರುವ ಕ್ರೋನೊಗ್ರಾಫ್ ವಾಚಾದರೆ ಪಕ್ಕದ ಗುಂಡಿ ಒತ್ತಿ, ಸ್ಟಾಪ್‌ವಾಚ್ ಓಡಬೇಕು, ಇನ್ನೊಂದು ಗುಂಡಿಗೆ ಮುಳ್ಳು ಸೊನ್ನೆಗೆ ಮರಳಬೇಕು. ಅನೇಕ ನಕಲಿಗಳಲ್ಲಿ ಆ ವೃತ್ತಗಳು ಬರೀ ಚಿತ್ರ. ರೋಲೆಕ್ಸ್‌ನ ತಾರೀಕಿನ ಮೇಲಿರುವ ಪುಟ್ಟ ಮಸೂರ ಅಂಕಿಯನ್ನು ಎರಡೂವರೆ ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ, ನಕಲಿಯಲ್ಲಿ ಅಂಕಿ ಸಣ್ಣದಾಗಿಯೇ ಉಳಿದಿರುವುದು ಹೆಚ್ಚು. ಇವೆಲ್ಲಕ್ಕಿಂತ ನಾನು ನಂಬುವುದು ಮೊಬೈಲ್ ಕ್ಯಾಮೆರಾವನ್ನು. ಡಯಲ್‌ನ ಫೋಟೊ ತೆಗೆದು ದೊಡ್ಡದು ಮಾಡಿ, ಕಂಪನಿಯ ಚಿತ್ರದ ಪಕ್ಕದಲ್ಲಿಟ್ಟು ಅಕ್ಷರದ ಅಂಚು, ಅಂತರ, ನಿಮಿಷದ ಗೆರೆಗಳನ್ನು ನೋಡಿ. ಲಕ್ಷ ರೂಪಾಯಿಯ ವಾಚಿನಲ್ಲಿ ಕಾಗುಣಿತ ತಪ್ಪುವುದಿಲ್ಲ, ಗೆರೆ ಸೊಟ್ಟಗಿರುವುದಿಲ್ಲ. ಸೀರಿಯಲ್ ನಂಬರ್ ಇದ್ದರೆ ಅದನ್ನೂ ಅಂತರ್ಜಾಲದಲ್ಲಿ ಹುಡುಕಿ. ನಕಲಿ ತಯಾರಕರು ಒಂದೇ ನಂಬರನ್ನು ಎಷ್ಟೋ ವಾಚುಗಳಿಗೆ ಕೊರೆದಿರುತ್ತಾರೆ.

ಆದರೆ ನಾನು ಮೊದಲೇ ನೋಡಬೇಕಾಗಿದ್ದದ್ದು ವಾಚನ್ನಲ್ಲ, ಕಾಗದವನ್ನು. ಮುಖಕ್ಕೆ ಬಣ್ಣ ಬಳಿಯುವುದು ಸುಲಭ, ಲೆಕ್ಕಪತ್ರಕ್ಕೆ ಬಳಿಯುವುದು ಕಷ್ಟ. ಹೊರದೇಶದಿಂದ ಬಂದ ಪ್ಯಾಕ್ ಮಾಡಿದ ಸರಕಿನ ಮೇಲೆ ಆಮದುದಾರರ ಹೆಸರು-ವಿಳಾಸ, ತಯಾರಾದ ದೇಶ, ಗರಿಷ್ಠ ಮಾರಾಟ ಬೆಲೆ, ದೂರು ಹೇಳಬೇಕಾದ ವಿವರ ಇರಲೇಬೇಕು ಎಂದು 2011ರ ಕಾನೂನು ಮಾಪನದ ಪ್ಯಾಕೇಜ್ ನಿಯಮಗಳು ಹೇಳುತ್ತವೆ. ಅಸಲಿ ವಾಚಿನ ಡಬ್ಬಿಯ ಹಿಂದೆ ಆ ಸ್ಟಿಕ್ಕರ್ ಇರುತ್ತದೆ. ‘ದುಬೈನಿಂದ ಅಣ್ಣ ತಂದದ್ದು, ಅದಕ್ಕೇ ಸ್ಟಿಕ್ಕರ್ ಇಲ್ಲ’ ಎಂದು ಹೇಳುವ ಅಂಗಡಿಯವನಿಗೆ ಇರುವ ಅಣ್ಣಂದಿರ ಸಂಖ್ಯೆ ನೋಡಿದರೆ ಅವನದು ಬಹಳ ದೊಡ್ಡ ಕುಟುಂಬ.

ಬಿಲ್ಲಿನಲ್ಲಿ ಜಿಎಸ್‌ಟಿ ಸಂಖ್ಯೆ ಇದೆಯೇ ನೋಡಿ. ಹದಿನೈದು ಅಕ್ಷರ-ಅಂಕಿಗಳು. ಮೊದಲೆರಡು ರಾಜ್ಯದ ಸಂಕೇತ, ಕರ್ನಾಟಕದ್ದು 29. ಮುಂದಿನ ಹತ್ತು ಆ ವ್ಯಾಪಾರಿಯ ಪ್ಯಾನ್. ಜಿಎಸ್‌ಟಿ ಜಾಲತಾಣದಲ್ಲಿ ಲಾಗಿನ್ ಇಲ್ಲದೆಯೇ ಅದನ್ನು ಹಾಕಿ ನೋಡಿದರೆ ವ್ಯಾಪಾರಿಯ ಹೆಸರು, ನೋಂದಣಿ ಚಾಲ್ತಿಯಲ್ಲಿದೆಯೇ ಇಲ್ಲವೇ ಎಲ್ಲ ಬರುತ್ತದೆ. ಬಿಲ್ಲಿನಲ್ಲಿ ಒಂದು ಹೆಸರು, ಜಾಲತಾಣದಲ್ಲಿ ಇನ್ನೊಂದು ಹೆಸರು ಬಂದರೆ ಅಲ್ಲಿಗೆ ನಿಲ್ಲಿಸಿ. ದೊಡ್ಡ ಬ್ರ್ಯಾಂಡುಗಳು ತಮ್ಮ ಅಧಿಕೃತ ಮಾರಾಟಗಾರರ ಪಟ್ಟಿಯನ್ನು ಊರಿನ ಸಮೇತ ತಾವೇ ಪ್ರಕಟಿಸುತ್ತವೆ. ಇವೆಲ್ಲ ನೋಡಲು ಐದು ನಿಮಿಷ. ನನ್ನ ಬಳಿ ಆ ಐದು ನಿಮಿಷ ಇತ್ತು, ಬಿಲ್ಲು ಕೇಳುವ ಮನಸ್ಸು ಇರಲಿಲ್ಲ. ಕೇಳಿದರೆ ಎಲ್ಲಿ ವಾಚು ಬೇರೆಯವರ ಪಾಲಾಗುತ್ತದೋ ಎಂಬ ಅವಸರ. ‘ಕೊನೆಯ ಒಂದು ಪೀಸ್’ ಎಂದು ಬರೆಯುವವರಿಗೆ ಈ ಅವಸರ ಚೆನ್ನಾಗಿ ಗೊತ್ತು.

ಬೆಲೆಯೂ ಮಾತಾಡುತ್ತದೆ. ಸ್ವಿಟ್ಜರ್ಲೆಂಡ್ ಸೇರಿ ನಾಲ್ಕು ದೇಶಗಳ ಇಎಫ್‌ಟಿಎ ಒಕ್ಕೂಟದ ಜತೆ ಭಾರತ 2024ರ ಮಾರ್ಚ್‌ನಲ್ಲಿ ಸಹಿ ಮಾಡಿದ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್ 1ರಂದು, ಸರಿಯಾಗಿ ಆಯುಧಪೂಜೆಯ ದಿನ, ಜಾರಿಗೆ ಬಂತು. ಸ್ವಿಸ್ ವಾಚುಗಳ ಮೇಲಿದ್ದ ಶೇ 20ರ ಆಮದು ಸುಂಕ ಏಳು ವರ್ಷಗಳಲ್ಲಿ ಹಂತಹಂತವಾಗಿ ಇಳಿಯಲಿದೆ. ಅದಾದ ವಾರದಲ್ಲೇ ನನ್ನ ಫೋನಿಗೆ ‘ಸುಂಕ ರದ್ದು, ಸ್ವಿಸ್ ವಾಚು ಶೇ 90 ರಿಯಾಯಿತಿ’ ಎಂಬ ಜಾಹೀರಾತು ಬಂತು. ಲೆಕ್ಕ ಹಾಕಿ ನೋಡಿ. ಲಕ್ಷ ರೂಪಾಯಿಗೆ ಬಂದಿಳಿದ ವಾಚಿಗೆ ಶೇ 20 ಸುಂಕ, ಅದರ ಮೇಲೆ ಶೇ 18 ಜಿಎಸ್‌ಟಿ ಸೇರಿದರೆ 1,41,600. ಸುಂಕ ಪೂರ್ತಿ ಹೋದ ದಿನವೂ ಜಿಎಸ್‌ಟಿ ಸೇರಿ 1,18,000. ಸಣ್ಣಪುಟ್ಟ ಸೆಸ್ ಬಿಟ್ಟರೆ, ಇಳಿಯುವುದು ಹೆಚ್ಚುಕಡಿಮೆ ಆರನೇ ಒಂದು ಭಾಗ, ಅದೂ ವರ್ಷಗಳ ನಂತರ. ಶೇ 90 ರಿಯಾಯಿತಿ ಯಾವ ಒಪ್ಪಂದದಿಂದಲೂ ಬರುವುದಿಲ್ಲ.

ಕಾನೂನು ಇಲ್ಲವೇ ಎಂದು ಕೇಳಬಹುದು. ಇದೆ, ಬಿಗಿಯಾಗಿಯೇ ಇದೆ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ ಪ್ರಕಾರ ಸುಳ್ಳು ಬ್ರ್ಯಾಂಡ್ ಹಾಕಿದ ಸರಕನ್ನು ಮಾರಿದರೆ, ಮಾರಲು ಇಟ್ಟುಕೊಂಡರೂ, ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಆದರೆ ಗಮನಿಸಿ, ಇದು ಮುಖ್ಯವಾಗಿ ಬ್ರ್ಯಾಂಡಿನ ಮಾಲೀಕರ ಕೈಯಲ್ಲಿರುವ ಅಸ್ತ್ರ. ಕಂಪನಿಯ ವಕೀಲರು ದೂರು ಕೊಟ್ಟಾಗ ದಾಳಿ ನಡೆಯುತ್ತದೆ, ಮೂಟೆಗಟ್ಟಲೆ ವಾಚು ಜಪ್ತಿಯಾದ ಫೋಟೊ ಪತ್ರಿಕೆಯಲ್ಲಿ ಬರುತ್ತದೆ. ಸ್ವಿಸ್ ಕಂಪನಿಗೆ ವಕೀಲರಿದ್ದಾರೆ. ಮುಚ್ಚಿದ ಕಾರ್ಖಾನೆಯ ಹಳೇ ವಾಚಿನ ಪರವಾಗಿ ಯಾರು ದಾಳಿ ಮಾಡಿಸುತ್ತಾರೆ? ಎಚ್‌ಎಂಟಿಯ ಡಯಲ್‌ಗೆ ಬಣ್ಣ ಬಳಿಯುವವನು ಹೆದರದೇ ಇರುವುದಕ್ಕೆ ಇದೂ ಒಂದು ಕಾರಣ ಎಂದು ನನ್ನ ಅನಿಸಿಕೆ.

ಕೊಂಡವರಿಗೆ ಇರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಅಸಲಿ ಎಂದು ಸುಳ್ಳು ಹೇಳಿ ಮಾರಿದ್ದನ್ನು ಅದು ‘ನಕಲಿ ಸರಕು’ ಎಂದೇ ಹೆಸರಿಸುತ್ತದೆ. ನಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಕೊಡಬೇಕು. ಅದಕ್ಕೂ ಮೊದಲು 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಬಹುದು. ನಾನು ಮಾಡಿದೆ. ಅವರು ಮರ್ಯಾದೆಯಿಂದಲೇ ಮೊದಲು ಕೇಳಿದ್ದು ಬಿಲ್ಲು. ನನ್ನ ಬಳಿ ಇದ್ದದ್ದು ಯುಪಿಐ ಪಾವತಿಯ ಸ್ಕ್ರೀನ್‌ಶಾಟ್ ಮತ್ತು ಒಂದು ವ್ಯಕ್ತಿಯ ಹೆಸರು. ಅಂಗಡಿಯಲ್ಲ, ವ್ಯಕ್ತಿ. ವ್ಯಾಪಾರಿಯೇ ಅಲ್ಲದವರಿಂದ ಕೊಂಡರೆ ಗ್ರಾಹಕ ಕಾಯ್ದೆ ಹಿಡಿದುಕೊಂಡು ಹೋಗುವುದು ಕಷ್ಟ. ಮಾರಿದವರಿಗೆ ಮೆಸೇಜ್ ಮಾಡಿದೆ, ಎರಡು ನೀಲಿ ಟಿಕ್ ಬಂತು, ಆಮೇಲೆ ಅವರ ಪ್ರೊಫೈಲ್ ಚಿತ್ರ ಕಾಣದಾಯಿತು.

ಗೆಳೆಯನ ಫಸ್ಟ್ ಕಾಪಿಯ ಬಗ್ಗೆ ನಮ್ಮಿಬ್ಬರಿಗೂ ಇನ್ನೂ ಜಗಳ ಇದೆ. ‘ನಿನಗೆ ಸುಳ್ಳು ಹೇಳಿ ಮಾರಿದರು, ನನಗೆ ನಿಜ ಹೇಳಿಯೇ ಮಾರಿದರು, ನಾನೆಲ್ಲಿ ಮೋಸ ಹೋದೆ?’ ಎಂಬುದು ಅವನ ವಾದ. ಅದರಲ್ಲಿ ತಿರುಳಿದೆ ಎಂದು ಒಪ್ಪಿಕೊಳ್ಳಲೇಬೇಕು. ಅವನ ವಾಚು ಟೈಮನ್ನೂ ಸರಿಯಾಗಿ ತೋರಿಸುತ್ತದೆ, ಅಗ್ಗದ ಕ್ವಾರ್ಟ್ಜ್ ಮಷೀನು ಕೀ ಕೊಡುವ ವಾಚಿಗಿಂತ ನಿಖರ. ನನ್ನ ಮಾತು ಇಷ್ಟೆ: ಆ ಮೂರೂವರೆ ಸಾವಿರಕ್ಕೆ ಅಸಲಿ ಸೊನಾಟಾ ಬರುತ್ತದೆ, ಅಸಲಿ ಕ್ಯಾಸಿಯೊ ಬರುತ್ತದೆ, ಹುಡುಕಿದರೆ ಅಸಲಿ ಟೈಟಾನ್ ಬರುತ್ತದೆ, ಬಿಲ್ಲು, ವಾರಂಟಿ ಸಮೇತ. ಕೆಟ್ಟರೆ ರಿಪೇರಿಗೆ ಜಾಗ ಇರುತ್ತದೆ. ಇಂಟರ್ವ್ಯೂ ಮಾಡುವವರಿಗೆ ವಾಚಿನ ಪರಿಚಯ ಇಲ್ಲದಿದ್ದರೆ ರೋಲೆಕ್ಸ್ ಆದರೂ ಒಂದೇ ಸೊನಾಟಾ ಆದರೂ ಒಂದೇ. ಪರಿಚಯ ಇದ್ದರಂತೂ, ಫೀಸು ಕಟ್ಟಲು ಶಿಕ್ಷಣ ಸಾಲ ತೆಗೆದ ಹುಡುಗನ ಕೈಯಲ್ಲಿ ಹತ್ತು ಲಕ್ಷದ ವಾಚು ಹೇಗೆ ಬಂತು ಎಂದು ಅವರಿಗೆ ಮೂರು ಸೆಕೆಂಡಿನಲ್ಲಿ ಗೊತ್ತಾಗುತ್ತದೆ. ರೆಸ್ಯೂಮೆಯಲ್ಲಿ ಬರೆದ ಪ್ರಾಜೆಕ್ಟುಗಳನ್ನು ಅವರು ಆಮೇಲೆ ಯಾವ ಕಣ್ಣಿನಿಂದ ಓದುತ್ತಾರೆ? ಗೆಳೆಯ ಒಪ್ಪಿಲ್ಲ. ಆದರೆ ಹೋದ ವಾರದ ಅಣಕು ಸಂದರ್ಶನಕ್ಕೆ ಬರುವಾಗ ಅವನ ಶರ್ಟಿನ ತೋಳು ಮಣಿಕಟ್ಟಿನ ತನಕ ಇಳಿದಿತ್ತು, ಗುಂಡಿ ಹಾಕಿತ್ತು.

ತಾತನಿಗೆ ಹೇಳದೇ ಇರಲು ಆಗಲಿಲ್ಲ. ಹೇಳಿದೆ. ‘ನನಗೆ ಮೊದಲನೇ ದಿನವೇ ಅನ್ನಿಸಿತ್ತು ಕಣೋ, ಅಕ್ಷರ ಇಷ್ಟು ದಪ್ಪ ಇರಲಿಲ್ಲ’ ಎಂದರು. ವಾಚನ್ನು ಮಾತ್ರ ಬಿಚ್ಚಲಿಲ್ಲ. ರಿಪೇರಿಯ ಅಂಕಲ್ ಮಷೀನು ತೊಳೆದು, ಎಣ್ಣೆ ಹಾಕಿ, 350 ರೂಪಾಯಿ ತೆಗೆದುಕೊಂಡರು. ಈಗ ದಿನಕ್ಕೆ ಎರಡು ನಿಮಿಷ ಹಿಂದೆ ಬೀಳುತ್ತದೆ, ತಾತ ಬೆಳಿಗ್ಗೆ ರೇಡಿಯೊ ವಾರ್ತೆಯ ಹೊತ್ತಿಗೆ ಕೀ ಕೊಟ್ಟು ಸರಿಮಾಡಿಕೊಳ್ಳುತ್ತಾರೆ.

‘ಅಸಲಿ ಡಯಲ್ ಎಲ್ಲಾದರೂ ಸಿಕ್ಕಿದರೆ ತಗೊಂಡು ಬಾ, ಕೂರಿಸಿಕೊಡ್ತೀನಿ’ ಎಂದಿದ್ದಾರೆ ಅಂಕಲ್. ಎರಡು ತಿಂಗಳಿಂದ ಹುಡುಕುತ್ತಿದ್ದೇನೆ. ಈವರೆಗೆ ಮೂರು ಸಿಕ್ಕವು. ಒಂದರ ಬೆನ್ನಿನ ಫೋಟೊ ಕಳಿಸಿ ಎಂದೆ, ಕಾಲುಗಳಿರಲಿಲ್ಲ. ಇನ್ನೊಂದರ ಅಕ್ಷರ ದಪ್ಪ. ಮೂರನೆಯದು ಚೆನ್ನಾಗಿಯೇ ಕಾಣುತ್ತಿದೆ, ಕಾಲೂ ಇವೆ. ಮಾರುವವರಿಗೆ ಬಿಲ್ಲು ಕೊಡುತ್ತೀರಾ ಎಂದು ಕೇಳಿ ನಾಲ್ಕು ದಿನವಾಯಿತು.